ನೀರಿನ ಕೊಡದ ಹೂ

ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಹೂವಿನಲ್ಲಿ ಎರಡೇ ಜಾತಿ. ಒಂದು ಮುಡಿಯುವ ಹೂ, ಇನ್ನೊಂದು ದೇವರಿಗೆ ಏರಿಸುವ ಹೂ. ದುಂಡುಮಲ್ಲಿಗೆ, ಸೇವಂತಿಗೆ ಎರಡಕ್ಕೂ ಸೈ. ದಾಸವಾಳ, ಕಣಗಿಲೆ, ತುಂಬೆ ದೇವರ ಪಾಲು. ಈ ಎರಡಕ್ಕೂ ಒದಗದ ಹೂವಿಗೆ ಅಂಗಳದಲ್ಲಿ ಜಾಗ ಸಿಗುವುದು ಕಷ್ಟ. ಇದು ಜಿಪುಣತನವಲ್ಲ, ಸಂಸಾರದ ಲೆಕ್ಕ. ನೀರು ಬಂದ ಹೊತ್ತಿಗೆ ಹಿಡಿದಿಟ್ಟು, ಅಳೆದು ಸುರಿದು ಬಳಸುವ ಮನೆಗಳಲ್ಲಿ ಪ್ರತಿಯೊಂದು ಗಿಡವೂ ತಾನು ಕುಡಿದ ತಂಬಿಗೆ ನೀರಿಗೆ ಲೆಕ್ಕ ಒಪ್ಪಿಸಬೇಕು.

ಈ ಲೆಕ್ಕಕ್ಕೆ ಸಿಗದ ಒಂದು ಹೂವಿದೆ, ಹೈಡ್ರಾಂಜಿಯ. ಅಂಗೈಯಗಲದ ಎಲೆ, ಮಕ್ಕಳ ಆಟದ ಚೆಂಡಿನಷ್ಟು ದಪ್ಪನೆಯ ಹೂಗೊಂಚಲು, ನೀಲಿಯೋ ಗುಲಾಬಿಯೋ ಬಿಳಿಯೋ ಬಣ್ಣ. ಹೇಳಿಕೊಳ್ಳುವಂಥ ವಾಸನೆಯಿಲ್ಲ, ದಾರದಲ್ಲಿ ಕಟ್ಟಲು ಬರುವುದಿಲ್ಲ. ಮಡಿಕೇರಿ, ಚಿಕ್ಕಮಗಳೂರು, ಊಟಿಯ ಕಡೆ ಮನೆಯ ಮುಂದೆ ಬೇಲಿಯಂತೆ ಬೆಳೆದಿರುವುದನ್ನು ಪ್ರವಾಸ ಹೋದವರೆಲ್ಲ ಕಂಡಿರುತ್ತಾರೆ. ರಾಯಚೂರಿನ ನನ್ನ ಮನೆಗೆ ಅದು ಬಂದದ್ದು ಬಿ.ಎಡ್. ಓದುವಾಗಿನ ಗೆಳತಿಯೊಬ್ಬಳ ಕೈಯಿಂದ. ಮಡಿಕೇರಿಗೆ ಸೊಸೆಯಾಗಿ ಹೋದ ಅವಳು ಒದ್ದೆ ಬಟ್ಟೆಯಲ್ಲಿ ಸುತ್ತಿ ಮೂರು ಕಡ್ಡಿ ಕೊಟ್ಟಳು. ಒಂದು ಬೇರು ಬಿಟ್ಟಿತು. ಎರಡನೆಯ ವರ್ಷ ಹೂವನ್ನೂ ಬಿಟ್ಟಿತು. ಅವಳ ಮನೆಯಲ್ಲಿ ಕಡುನೀಲಿಯಾಗಿದ್ದ ಹೂ ನಮ್ಮಲ್ಲಿ ತಿಳಿಗುಲಾಬಿಯಾಗಿ ಅರಳಿತು. ಓಣಿಯವರೆಲ್ಲ ಬಂದು ನೋಡಿದರು. ‘ಟೀಚರ್, ಇದರ ಹೆಸರೇನು?’ ಎಂಬುದೇ ಎಲ್ಲರ ಮೊದಲ ಪ್ರಶ್ನೆ. ಶಾಲೆಯಲ್ಲಿ ಚರಿತ್ರೆ ಹೇಳುವವಳಾದ್ದರಿಂದ ಆ ಪ್ರಶ್ನೆಯ ಬೆನ್ನು ಹತ್ತಿದೆ. ಅದು ನನ್ನನ್ನು ಬಹಳ ದೂರ ಕರೆದುಕೊಂಡು ಹೋಯಿತು.

ಹೈಡ್ರಾಂಜಿಯ ಎಂಬುದು ಗ್ರೀಕ್ ಮೂಲದ ಹೆಸರು. ‘ಹೈಡೋರ್’ ಎಂದರೆ ನೀರು, ‘ಆಂಜಿಯೋನ್’ ಎಂದರೆ ಪಾತ್ರೆ. ಡಚ್ ಸಸ್ಯಶಾಸ್ತ್ರಜ್ಞ ಗ್ರೊನೋವಿಯಸ್ 1739ರಲ್ಲಿ ಅಮೆರಿಕದ ವರ್ಜೀನಿಯಾ ಸೀಮೆಯ ಒಂದು ಗಿಡಕ್ಕೆ ಈ ಹೆಸರನ್ನು ಬಳಸಿದ. ಅದರ ಬೀಜದ ಪುಟ್ಟ ಕಾಯಿ ಹಳೆಯ ಕಾಲದ ನೀರಿನ ಹೂಜಿಯಂತೆ ಕಾಣುತ್ತದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಇದು ನೀರಿನ ಕೊಡದ ಹೂ. ಹೆಸರು ಹುಟ್ಟಿದ್ದು ಕಾಯಿಯ ಆಕಾರದಿಂದ. ಆದರೆ ಗಿಡದ ಸ್ವಭಾವಕ್ಕೂ ಅದು ತಕ್ಕ ಹೆಸರೇ. ಇಷ್ಟು ನೀರು ಬೇಡುವ ಹೂಗಿಡ ನಮ್ಮ ಅಂಗಳಗಳಲ್ಲಿ ಮತ್ತೊಂದಿರಲಾರದು.

ನಮ್ಮದು ಕೊಡದ ಬೆಲೆ ಬಲ್ಲ ಸೀಮೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ರಾಯಚೂರು, ದೇವದುರ್ಗ, ಮಾನ್ವಿ. ಹಳೆಯ ಶಾಸನಗಳು ಇದನ್ನು ಎಡೆದೊರೆ ನಾಡು ಎಂದು ಕರೆದಿವೆ. ಈ ನೆಲಕ್ಕಾಗಿ ವಿಜಯನಗರದವರೂ ಬಹಮನಿ, ಬಿಜಾಪುರದ ಸುಲ್ತಾನರೂ ಮತ್ತೆ ಮತ್ತೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್‌ಷಾನನ್ನು ಸೋಲಿಸಿ ರಾಯಚೂರು ಕೋಟೆ ಗೆದ್ದ ಪಾಠವನ್ನು ನಮ್ಮ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಎರಡು ಹೊಳೆಗಳ ನಡುವೆ ಇದ್ದೂ ಇಲ್ಲಿಯ ಹೆಂಗಸರು ಮೈಲಿಗಟ್ಟಲೆ ನಡೆದು ನೀರು ಹೊತ್ತದ್ದು ಮಾತ್ರ ಯಾವ ಪಾಠದಲ್ಲೂ ಇಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆ ಮಾನ್ವಿಯ ಕಡೆ ಹರಿಯಿತು. ಮುಂದೆ ನಾರಾಯಣಪುರದ ಬಲದಂಡೆ ಕಾಲುವೆ ದೇವದುರ್ಗಕ್ಕೆ ನೀರು ತಂದಿತು. ಹೊಲಕ್ಕೆ ನೀರು ಬಂದರೂ ಬೇಸಿಗೆಯ ಬಿಸಿಲು ಬಿಸಿಲೇ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ನಮಗೆ ಸುದ್ದಿಯೇ ಅಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆಯಾದರೆ ನಮ್ಮಲ್ಲಿ ಅದರ ಕಾಲು ಭಾಗವೂ ಇಲ್ಲ.

ಹಾಗಿದ್ದರೂ ಈ ಗಿಡವನ್ನು ಇಲ್ಲಿ ಸಾಕಲು ಆಗದೆ ಇಲ್ಲ. ಬೆಳಗಿನ ಎಳೆಬಿಸಿಲು ಎರಡು ಗಂಟೆ ಸಾಕು, ಆಮೇಲೆ ಗೋಡೆಯ ನೆರಳು ಬೇಕು. ಮನೆಯ ಪೂರ್ವದ ಅಥವಾ ಉತ್ತರದ ಮಗ್ಗುಲು ಒಳ್ಳೆಯದು. ಹನ್ನೆರಡು ಅಂಗುಲಕ್ಕೆ ಕಡಿಮೆಯಿಲ್ಲದ ಮಣ್ಣಿನ ಕುಂಡ, ಅದರಲ್ಲಿ ಮಸಾರಿ ಮಣ್ಣು, ಹಳೆಯ ಸಗಣಿ ಗೊಬ್ಬರ, ಕೊಳೆತ ಎಲೆ ಸಮಸಮವಾಗಿ ಬೆರೆತಿರಲಿ. ಎರೆಮಣ್ಣು ಒಂಟಿಯಾಗಿ ಬೇಡ. ನೀರು ಹಿಡಿದರೆ ಬೇರು ಕೊಳೆಯುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಮಣ್ಣಿನ ಮೇಲೆ ಒಣ ಎಲೆಯ ಹೊದಿಕೆ ಇರಬೇಕು. ಮಧ್ಯಾಹ್ನ ಎಲೆಗಳು ಜೋತುಬಿದ್ದರೆ ಗಾಬರಿಪಡಬಾರದು. ಸಂಜೆ ತಾನಾಗಿ ತಲೆ ಎತ್ತಿದರೆ ಬೇರಿನಲ್ಲಿ ನೀರಿದೆ ಎಂದೇ ಅರ್ಥ. ಎತ್ತದಿದ್ದರೆ ನಿಧಾನವಾಗಿ, ಬುಡ ತುಂಬ ನೀರು ಕೊಡಬೇಕು. ಹೂ ಬಾಡಿದ ಕೂಡಲೇ ಗೊಂಚಲನ್ನು ಕತ್ತರಿಸಬೇಕು. ತಡಮಾಡಿ ರೆಂಬೆಯನ್ನೇ ಸವರಿದರೆ ಮುಂದಿನ ವರ್ಷದ ಮೊಗ್ಗೂ ಹೋಗುತ್ತದೆ. ಸಾಮಾನ್ಯವಾಗಿ ಮೊಗ್ಗು ಕಟ್ಟುವುದು ಹಳೆಯ ರೆಂಬೆಯಲ್ಲೇ. ಎಲೆ, ಹೂ ಎರಡೂ ಹೊಟ್ಟೆಗೆ ವಿಷ, ಆದ್ದರಿಂದ ಅಂಬೆಗಾಲಿಡುವ ಮಗುವಿಗೂ ಮನೆಯ ಆಡಿಗೂ ನಿಲುಕದಂತೆ ಇಡಬೇಕು.

ಬಣ್ಣ ಬದಲಾದದ್ದಕ್ಕೆ ಕಾರಣ ನಮ್ಮ ಮಣ್ಣು, ನೀರು. ಕೊಡಗಿನ ಮಣ್ಣು ಹುಳಿ ಗುಣದ್ದು. ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಅಂಶ ಕರಗಿ ಬೇರಿಗೆ ಸಿಗುತ್ತದೆ, ಅದು ಹೂವಿಗೇರಿ ನೀಲಿ ಬಣ್ಣ ಬರುತ್ತದೆ. ನಮ್ಮ ಮಣ್ಣಿನಲ್ಲಿ ಸುಣ್ಣದ ಅಂಶ, ಕೊಳವೆಬಾವಿಯ ನೀರಿನಲ್ಲಿ ಗಡಸು. ಅಲ್ಯೂಮಿನಿಯಂ ಬೇರಿಗೆ ದಕ್ಕದೆ ಹೂ ಗುಲಾಬಿಯಾಗುತ್ತದೆ. ಬಿಳಿಯ ಜಾತಿಗೆ ಈ ಮಾತು ಅನ್ವಯಿಸುವುದಿಲ್ಲ. ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಅಂಶ ಸಿಗುತ್ತಿಲ್ಲ ಎಂದು ತಿಳಿಯಬೇಕು. ಅದಕ್ಕೆ ಮಾಳಿಗೆಯಿಂದ ಹಿಡಿದಿಟ್ಟ ಮಳೆನೀರಿಗಿಂತ ಒಳ್ಳೆಯ ಉಪಚಾರವಿಲ್ಲ. ಇನ್ನೂ ಒಂದು ಸಂಗತಿ. ನಾವು ಹೂವೆಂದು ನೋಡುವ ಆ ಬಣ್ಣದ ಎಸಳುಗಳು ನಿಜವಾದ ದಳಗಳಲ್ಲ, ಪುಷ್ಪಪತ್ರಗಳು. ನಿಜವಾದ ಹೂ ನಡುವಿನಲ್ಲಿ ಸಾಸಿವೆಯಂತೆ ಸಣ್ಣಗಿರುತ್ತದೆ. ಬಾಗಿ ನೋಡಿದವರಿಗಷ್ಟೇ ಕಾಣುತ್ತದೆ.

ಈ ಹೂವಿನ ಚರಿತ್ರೆಯೂ ಹಾಗೆಯೇ ಬಾಗಿ ನೋಡಬೇಕಾದದ್ದು. ನಾವು ಕುಂಡದಲ್ಲಿ ಬೆಳೆಸುವ ಜಾತಿಯ ತೌರು ಜಪಾನು. ಅಲ್ಲಿ ಅದನ್ನು ‘ಅಜಿಸಾಯಿ’ ಎನ್ನುತ್ತಾರೆ. ಜಪಾನು ಆಗ ಹೊರಗಿನವರಿಗೆ ಬಾಗಿಲು ಮುಚ್ಚಿದ ದೇಶ. ಡಚ್ಚರಿಗೆ ಮಾತ್ರ ನಾಗಸಾಕಿಯ ಬಂದರಿನಲ್ಲಿ ದೆಜಿಮಾ ಎಂಬ ಪುಟ್ಟ ಕೃತಕ ದ್ವೀಪದಲ್ಲಿ ಇರಲು ಅವಕಾಶವಿತ್ತು. 1823ರಲ್ಲಿ ಅಲ್ಲಿಗೆ ವೈದ್ಯನಾಗಿ ಬಂದವನು ಜರ್ಮನಿಯ ಫಿಲಿಪ್ ಫ್ರಾನ್ಸ್ ಫಾನ್ ಸೀಬೋಲ್ಟ್. ಗಿಡಮೂಲಿಕೆಗಳೆಂದರೆ ಅವನಿಗೆ ಪ್ರಾಣ. ಕುಸುಮೊತೊ ತಾಕಿ ಎಂಬ ಹೆಣ್ಣುಮಗಳ ಜೊತೆ ಅವನು ಸಂಸಾರ ಹೂಡಿದ. 1827ರಲ್ಲಿ ಇನೆ ಎಂಬ ಮಗಳು ಹುಟ್ಟಿದಳು. ಸೀಬೋಲ್ಟನ ಬಳಿ ಜಪಾನಿನ ನಕಾಶೆಗಳು ಇದ್ದದ್ದು ಬಯಲಾಗಿ, ಗೂಢಚಾರನೆಂಬ ಗುಮಾನಿಯ ಮೇಲೆ 1829ರಲ್ಲಿ ಅವನನ್ನು ದೇಶದಿಂದ ಹೊರಹಾಕಿದರು. ಎರಡು ವರ್ಷದ ಮಗುವಿನೊಂದಿಗೆ ತಾಕಿ ಅಲ್ಲೇ ಉಳಿದಳು.

ಯುರೋಪಿಗೆ ಹಿಂದಿರುಗಿದ ಸೀಬೋಲ್ಟ್ ಜಪಾನಿನ ಗಿಡಗಳ ಮೇಲೆ ದೊಡ್ಡ ಗ್ರಂಥ ಹೊರತಂದ. ಅದರಲ್ಲಿ ಒಂದು ಚೆಂದದ ಹೈಡ್ರಾಂಜಿಯಕ್ಕೆ ‘ಒತಾಕ್ಸ’ ಎಂದು ಹೆಸರಿಟ್ಟ. ಜಪಾನಿನವರು ಈ ಹೂವನ್ನು ಹಾಗೆ ಕರೆಯುತ್ತಾರೆಂದು ಬರೆದ. ಮುಂದೆ ಜಪಾನಿನ ಸಸ್ಯಶಾಸ್ತ್ರಜ್ಞ ಮಕಿನೊ ತೊಮಿತಾರೊ ಹುಡುಕಿದರೆ ಅಂಥ ಹೆಸರು ಆ ನಾಡಿನಲ್ಲಿ ಎಲ್ಲೂ ಸಿಗಲಿಲ್ಲ. ಆಮೇಲೆ ಗುಟ್ಟು ತಿಳಿಯಿತು. ತಾಕಿಯನ್ನು ಗೌರವದಿಂದ ಕರೆಯುವ ರೀತಿ ‘ಒತಾಕಿ ಸಾನ್’. ಅದೇ ಸವೆದು ‘ಒತಾಕ್ಸ’ ಆಗಿತ್ತು. ವಿಜ್ಞಾನಿಗಳು ಅದನ್ನು ಬೇರೆ ಜಾತಿಯೆಂದು ಈಗ ಒಪ್ಪುವುದಿಲ್ಲ, ಅದಕ್ಕಿಂತ ಮೊದಲೇ ಇದ್ದ ‘ಮ್ಯಾಕ್ರೊಫಿಲ್ಲ’ ಎಂಬ ಹೆಸರೇ ನಿಂತಿದೆ. ಹಾಗೆಂದರೆ ದೊಡ್ಡೆಲೆಯದು ಎಂದಷ್ಟೇ ಅರ್ಥ. ಆದರೆ ನಾಗಸಾಕಿಯವರು ತಾಕಿಯನ್ನು ಮರೆಯಲಿಲ್ಲ. ಹೈಡ್ರಾಂಜಿಯವೇ ಇಂದು ಆ ನಗರದ ಹೂ.

ಮಗಳು ಇನೆಯ ಕತೆ ನನಗೆ ಇನ್ನೂ ಹೆಚ್ಚು ಹಿಡಿಸಿತು. ತಂದೆಯ ಶಿಷ್ಯರ ಬಳಿ ಅವಳು ಪಾಶ್ಚಾತ್ಯ ವೈದ್ಯ ಕಲಿತಳು. ಆ ಪದ್ಧತಿ ಕಲಿತು ವೈದ್ಯ ಮಾಡಿದ ಜಪಾನಿನ ಮೊದಲ ಮಹಿಳೆ ಎಂದು ಅವಳನ್ನು ಗುರುತಿಸುತ್ತಾರೆ. 1873ರಲ್ಲಿ ಚಕ್ರವರ್ತಿ ಮೇಜಿಯ ಮನೆತನದ ಹೆರಿಗೆಗೆ ಕರೆ ಬರುವ ಮಟ್ಟಿಗೆ ಹೆಸರು ಮಾಡಿದಳು. ತಂದೆ ತಾಯಿಯ ಹೆಸರನ್ನು ಹೂವಿಗಿಟ್ಟು ಪುಸ್ತಕ ಬರೆದ. ಮಗಳು ತನ್ನ ಹೆಸರನ್ನು ತಾನೇ ಸಂಪಾದಿಸಿದಳು.

ಈ ಹೂವಿಗೆ ಫ್ರಾನ್ಸಿನಲ್ಲಿ ಮತ್ತೊಂದು ಹೆಸರಿದೆ, ‘ಹಾರ್ಟೆನ್ಸಿಯಾ’. ಕೊಟ್ಟವನು ಫಿಲಿಬೇರ್ ಕಾಮರ್ಸನ್ ಎಂಬ ಸಸ್ಯಶಾಸ್ತ್ರಜ್ಞ. ತೋಟ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದು ಬಂದಿದೆಯೆಂದು ಕೆಲವರ ಮತ. ಇನ್ನು ಕೆಲವರು ನಿಕೋಲ್ ರೇನ್ ಲೆಪೋತ್ ಎಂಬ ಗಣಿತಜ್ಞೆಯ ಗೌರವಕ್ಕಾಗಿ ಎನ್ನುತ್ತಾರೆ. ಹ್ಯಾಲಿಯ ಧೂಮಕೇತು 1759ರಲ್ಲಿ ಮತ್ತೆ ಕಾಣಿಸುವ ದಿನವನ್ನು ಗುಣಿಸಲು ತಿಂಗಳುಗಟ್ಟಲೆ ಲೆಕ್ಕ ಹಾಕಿದವರಲ್ಲಿ ಅವಳೂ ಒಬ್ಬಳು. ಆ ಕೆಲಸದ ಮುಂದಾಳು ಕ್ಲೇರೊ ಮರುವರ್ಷ ಗ್ರಂಥ ಪ್ರಕಟಿಸಿದಾಗ ಅವಳ ಉಪಕಾರಸ್ಮರಣೆಯನ್ನು ಕೈಬಿಟ್ಟ. ಲಾಲಾಂಡ್ ಎಂಬ ಇನ್ನೊಬ್ಬ ಸಹೋದ್ಯೋಗಿ ನೆನೆದು ಬರೆದದ್ದರಿಂದ ಅವಳ ಹೆಸರು ಉಳಿಯಿತು.

ಈ ಕಾಮರ್ಸನನ ಜೊತೆಗೆ ಮೂರನೆಯ ಹೆಣ್ಣೊಬ್ಬಳಿದ್ದಾಳೆ. ಅವಳು ನಮ್ಮ ರಾಯಚೂರಿನ ಕಂಪೌಂಡುಗಳಿಗೂ ನೆಂಟಳು. ಹೆಸರು ಜೀನ್ ಬಾರೆ. 1740ರಲ್ಲಿ ಫ್ರಾನ್ಸಿನ ಬಡ ಹಳ್ಳಿಯೊಂದರಲ್ಲಿ ಹುಟ್ಟಿ ಕಾಮರ್ಸನನ ಮನೆವಾರ್ತೆ ನೋಡಿಕೊಳ್ಳುತ್ತಿದ್ದವಳು. ಬೂಗನ್‌ವಿಲ್ ಎಂಬ ನೌಕಾಧಿಕಾರಿ ಪ್ರಪಂಚ ಸುತ್ತಲು ಹೊರಟಾಗ ಕಾಮರ್ಸನನನ್ನು ಸಸ್ಯಶಾಸ್ತ್ರಜ್ಞನಾಗಿ ನೇಮಿಸಿದರು. ಫ್ರೆಂಚ್ ನೌಕಾಪಡೆಯ ಹಡಗಿನಲ್ಲಿ ಹೆಂಗಸರಿಗೆ ಪ್ರವೇಶವಿರಲಿಲ್ಲ. ಬಾರೆ ಗಂಡುಡುಗೆ ತೊಟ್ಟು ಅವನ ಸಹಾಯಕನಾಗಿ ಹಡಗು ಹತ್ತಿದಳು. ಕಾಮರ್ಸನನಿಗೆ ಕಾಲುನೋವು. ಬೆಟ್ಟ ಹತ್ತಿ, ಊಟದ ಗಂಟು, ಬಂದೂಕು, ಗಿಡ ಒಣಗಿಸುವ ಕಟ್ಟುಗಳನ್ನೆಲ್ಲ ಹೊತ್ತು ನಡೆದವಳು ಅವಳು. ಅವಳ ಧೈರ್ಯವನ್ನೂ ಸಸ್ಯಜ್ಞಾನವನ್ನೂ ಸ್ವತಃ ಬೂಗನ್‌ವಿಲ್ ತನ್ನ ಪ್ರವಾಸಕಥನದಲ್ಲಿ ಮೆಚ್ಚಿ ಬರೆದಿದ್ದಾನೆ.

1767ರಲ್ಲಿ ಬ್ರೆಜಿಲಿನ ರಿಯೊ ಬಂದರಿನ ಬಳಿ ಒಂದು ಮುಳ್ಳುಬಳ್ಳಿ ಸಿಕ್ಕಿತು. ಕಾಮರ್ಸನ್ ಅದಕ್ಕೆ ಹಡಗಿನ ಒಡೆಯನ ಹೆಸರಿಟ್ಟ. ಅದೇ ಬೋಗನ್‌ವಿಲ್ಲ, ನಾವು ಕಾಗದದ ಹೂ ಎನ್ನುವುದು. ಕಾಮರ್ಸನನ ಕಾಲಿನ ಸ್ಥಿತಿ ನೋಡಿದರೆ ಅದನ್ನು ಕಿತ್ತು ತಂದವಳು ಬಾರೆಯೇ ಇರಬೇಕೆಂದು ಇಂದಿನ ವಿದ್ವಾಂಸರು ಊಹಿಸುತ್ತಾರೆ. ಮರುವರ್ಷ ತಾಹಿತಿಯ ಹೊತ್ತಿಗೆ ಅವಳು ಹೆಣ್ಣೆಂಬುದು ಬಯಲಾಯಿತು. ಇಬ್ಬರೂ ಮಾರಿಷಸ್ ದ್ವೀಪದಲ್ಲಿ ಇಳಿದರು. 1773ರಲ್ಲಿ ಕಾಮರ್ಸನ್ ಅಲ್ಲೇ ತೀರಿಕೊಂಡ. ಕೆಲವು ವರ್ಷಗಳ ಮೇಲೆ ಬಾರೆ ಫ್ರಾನ್ಸಿಗೆ ಮರಳಿದಳು. ಹೀಗೆ ಭೂಮಿಯನ್ನು ಪೂರ್ತಿ ಸುತ್ತಿಬಂದ ಮೊದಲ ಹೆಂಗಸು ಅವಳಾದಳು. ಸರ್ಕಾರ 1785ರಲ್ಲಿ ಅವಳಿಗೆ ಸಣ್ಣದೊಂದು ಪಿಂಚಣಿ ಕೊಟ್ಟಿತು. 1789ರಲ್ಲಿ ಪ್ಯಾರಿಸಿನಲ್ಲಿ ಜುಸ್ಸಿಯೊ ಪ್ರಕಟಿಸಿದ ಗ್ರಂಥದಲ್ಲಿ ಬೋಗನ್‌ವಿಲ್ಲ, ಹಾರ್ಟೆನ್ಸಿಯಾ ಎರಡೂ ಹೆಸರುಗಳು ಅಚ್ಚಾದವು. ಬಾರೆಯ ಹೆಸರನ್ನು ಕಾಮರ್ಸನ್ ಒಂದು ಗಿಡಕ್ಕೆ ಇಡಬೇಕೆಂದಿದ್ದ, ಅದೂ ನಿಲ್ಲಲಿಲ್ಲ. ಕೊನೆಗೆ 2012ರಲ್ಲಿ ದಕ್ಷಿಣ ಅಮೆರಿಕದ ಒಂದು ಗಿಡಕ್ಕೆ ‘ಸೊಲೇನಮ್ ಬಾರೆಟಿಯೆ’ ಎಂದು ನಾಮಕರಣವಾಯಿತು. ನಮ್ಮ ಬದನೆಕಾಯಿಯ ಕುಲದ ಗಿಡ ಅದು. ಅವಳು ಸತ್ತದ್ದು 1807ರಲ್ಲಿ. ಇನ್ನೂರು ವರ್ಷ ದಾಟಿದ ಮೇಲೆ ಬಂದ ಮರ್ಯಾದೆ!

ರಾಯಚೂರಿನ ಉರಿಬಿಸಿಲಲ್ಲಿ ಎಲ್ಲ ಗಿಡ ಬಾಡಿದಾಗಲೂ ಕಂಪೌಂಡಿನ ಮೇಲೆ ನಗುತ್ತಿರುವುದು ಕಾಗದದ ಹೂ. ಅದರ ಬಣ್ಣವೂ ದಳದ್ದಲ್ಲ, ಎಲೆಯದು. ನಿಜವಾದ ಹೂ ನಡುವೆ ಬಿಳಿಯ ಕಡ್ಡಿಯಂತೆ ಇರುತ್ತದೆ. ನೀರು ಬೇಡುವ ಹೈಡ್ರಾಂಜಿಯ, ನೀರು ಬೇಡದ ಕಾಗದದ ಹೂ, ಎರಡರ ಕತೆಯಲ್ಲೂ ಹೊತ್ತು ತಂದ ಕೈ ಒಂದು, ಹೆಸರು ಮತ್ತೊಬ್ಬರದು.

ನಮ್ಮ ನಾಡಿನಲ್ಲಿ ಹೈಡ್ರಾಂಜಿಯ ನೆಲೆಯೂರಿದ್ದು ಬ್ರಿಟಿಷರ ಕಾಲದ ಗಿರಿಧಾಮಗಳಲ್ಲಿ, ಕಾಫಿ ತೋಟದ ಬಂಗಲೆಗಳ ಅಂಗಳದಲ್ಲಿ. ಊಟಿಯ ಸಸ್ಯೋದ್ಯಾನ 1848ರಲ್ಲಿ ಮ್ಯಾಕ್‌ಐವರ್ ಎಂಬುವರ ಕೈಯಲ್ಲಿ ರೂಪುಗೊಂಡಿತು. ಹೈದರಾಲಿ ಆರಂಭಿಸಿ ಟಿಪ್ಪು ಬೆಳೆಸಿದ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಕ್ಯಾಮೆರಾನ್, ಕೃಂಬಿಗಲ್ ಅದನ್ನು ಬೆಳಗಿಸಿದರು. ಕೃಂಬಿಗಲ್ಲರ ಹೆಸರಿನ ರಸ್ತೆಯೇ ಬೆಂಗಳೂರಿನಲ್ಲಿದೆ, ಇರಬೇಕಾದದ್ದೇ. ಆದರೆ ದಿನಾ ಬಗ್ಗಿ ಕಳೆ ಕಿತ್ತ, ಬಿಂದಿಗೆಯಲ್ಲಿ ನೀರೆರೆದ ಕೂಲಿ ಹೆಂಗಸರ ಹೆಸರಿನ ರಸ್ತೆ ಯಾವ ಊರಿನಲ್ಲಿದೆ? ನಮ್ಮ ರಾಯಚೂರು ಕೋಟೆಯ ಗೋಡೆಯಲ್ಲಿ 40 ಅಡಿಗೂ ಮೀರಿದ ಉದ್ದದ ಒಂದೇ ಕಲ್ಲು ಇದೆ. ಅದರಲ್ಲಿ 1294ರ ಶಾಸನ, ಕೋಟೆ ಕಟ್ಟಿಸಿದವರ ಹೆಸರು. ಆ ಬಂಡೆಯನ್ನು ಬಂಡಿಯಲ್ಲಿ ಎಳೆದು ತಂದ ಚಿತ್ರವನ್ನೂ ಅಲ್ಲಿ ಕೊರೆದಿದ್ದಾರೆ. ಚಿತ್ರವೇನೋ ಇದೆ, ಎಳೆದವರ ಹೆಸರಿಲ್ಲ. ಚರಿತ್ರೆ ಅಂದಿಗೂ ಇಂದಿಗೂ ಹಾಗೆಯೇ.

ದೊಡ್ಡ ತೋಟಗಳ ಮಾತು ಬಿಡೋಣ. ನಮ್ಮ ಮನೆಯಂಗಳದ ತೋಟಗಳು ಯಾರಿಂದ ಆದವು? 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ಈ ಜನಕ್ಕೆ ಗುಲಾಬಿ ಅನ್ನದಷ್ಟೇ ಅಗತ್ಯವೆಂದು ಬೆರಗಾಗಿ ಬರೆದ. ನಾವು ದಸರೆಗೆ ಬಾಗಿಲಿಗೆ ಕಟ್ಟುವ ಚೆಂಡುಹೂ ಮೆಕ್ಸಿಕೊ ದೇಶದ್ದು. ಇವೆಲ್ಲ ಅರಸರ ಅಪ್ಪಣೆಯಿಂದ ಹಿತ್ತಿಲಿಗೆ ಬಂದವಲ್ಲ. ಒಬ್ಬಳು ಇನ್ನೊಬ್ಬಳಿಗೆ ಕೊಟ್ಟ ಬೀಜ, ಕಡ್ಡಿಗಳಿಂದ ಬಂದವು. ಅದಕ್ಕೆ ದಾನಪತ್ರವಿಲ್ಲ, ಶಾಸನವಿಲ್ಲ.

ನನ್ನ ಅಜ್ಜಿಯ ತೌರು ದೇವದುರ್ಗ. ಈ ಸೀಮೆ ಇನ್ನೂ ನಿಜಾಮರ ಕೈಯಲ್ಲಿದ್ದ ಕಾಲದಲ್ಲಿ, 1948ಕ್ಕೆ ಮೊದಲು, ಸವಾರಿ ಬಂಡಿಯಲ್ಲಿ ಮಾನ್ವಿಗೆ ಸೊಸೆಯಾಗಿ ಬಂದಳು. ಜೊತೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ದುಂಡುಮಲ್ಲಿಗೆಯ ಕಡ್ಡಿ ತಂದಿದ್ದಳು. ಬಚ್ಚಲ ನೀರು ಹರಿಯುವ ಕಡೆ ನೆಟ್ಟಳು. ಮಾನ್ವಿ ಜಗನ್ನಾಥದಾಸರು ಬಾಳಿದ ಊರು, ಪೂಜೆಗೆ ಹೂ ಬೇಡುವವರಿಗೆ ಅಲ್ಲಿ ಕೊರತೆಯಿಲ್ಲ. ಗಿಡ ಹಬ್ಬಿದಂತೆ ಓಣಿಯ ಹೆಂಗಸರು ಕಡ್ಡಿ ಕೇಳಿ ಒಯ್ದರು. ಮೊದಲು ಅದಕ್ಕೆ ‘ದೇವದುರ್ಗದ ಸೊಸೆಯ ಮಲ್ಲಿಗೆ’ ಎನ್ನುತ್ತಿದ್ದರಂತೆ. ನಾನು ಚಿಕ್ಕವಳಾಗಿದ್ದಾಗ ಅದು ‘ದೇವದುರ್ಗದ ಮಲ್ಲಿಗೆ’ ಆಗಿತ್ತು. ನಡುವಿನ ಸೊಸೆ ಉದುರಿಹೋಗಿದ್ದಳು. ಒತಾಕಿ ಸಾನ್ ಸವೆದು ಒತಾಕ್ಸ ಆದದ್ದನ್ನು ಓದಿದಾಗ ನನಗೆ ನೆನಪಾದದ್ದು ಇದು. ಜಪಾನಿನಲ್ಲಿ ಹುಡುಕಿ ತೆಗೆಯಲು ಒಬ್ಬ ಮಕಿನೊ ಇದ್ದ. ನಮ್ಮ ಓಣಿಗಳಲ್ಲಿ ಆ ಕೆಲಸ ನಾವೇ ಮಾಡಬೇಕು.

ಹಾಗೆಂದು ಒಂದು ಸಣ್ಣ ರೂಢಿ ಇಟ್ಟುಕೊಂಡಿದ್ದೇನೆ. ಶಾಲೆಯ ಅಂಗಳದಲ್ಲಿ ಮಕ್ಕಳು ನೆಟ್ಟ ಪ್ರತಿ ಗಿಡಕ್ಕೂ ತಗಡಿನ ಪಟ್ಟಿ ಕಟ್ಟಿಸಿದೆ. ಮೇಲೆ ಗಿಡದ ಹೆಸರು, ಕೆಳಗೆ ಕಡ್ಡಿ ಕೊಟ್ಟವರ ಹೆಸರು, ಊರು, ವರ್ಷ. ಮೊದಲು ಮಕ್ಕಳು ‘ಅಜ್ಜಿ’, ‘ಅತ್ತೆ’ ಎಂದಷ್ಟೇ ಬರೆದು ತಂದರು. ಅವರ ಹೆಸರು ಕೇಳಿಕೊಂಡು ಬನ್ನಿ ಎಂದು ಮನೆಗೆ ಕಳಿಸಿದೆ. ಮರುದಿನ ಒಬ್ಬ ಹುಡುಗಿ ಹೇಳಿದಳು, ‘ಟೀಚರ್, ನಮ್ಮಜ್ಜಿಗೆ ಎರಡು ಹೆಸರು. ತೌರಿನದು ಒಂದು, ಲಗ್ನದಲ್ಲಿ ಇಟ್ಟದ್ದು ಒಂದು. ಯಾವುದು ಬರೀಲಿ?’

ಎರಡನ್ನೂ ಬರಿ ಎಂದೆ. ತಗಡು ಚಿಕ್ಕದಾಯಿತು. ದೊಡ್ಡದು ತರಿಸಿದೆವು.